ಸಹಾಯ ಬೇಕು: ಅಮ್ಮನ ಪಿತ್ತನಾಳದಲ್ಲಿ ಕಲ್ಲು, ಇಆರ್‌ಸಿಪಿ ಮಾಡಿಸಿಕೊಂಡವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾವು ಮಲ್ಪೆಯವರು. ಅಮ್ಮನಿಗೆ 62 ವರ್ಷ. ಮೂರು ವಾರದಿಂದ ಮೈಯೆಲ್ಲ ತುರಿಕೆ, ರಾತ್ರಿ ನಿದ್ದೆಯೇ ಇಲ್ಲ. ಅಂಗೈ ಕೆರೆದು ಕೆರೆದು ಸಿಪ್ಪೆ ಎದ್ದಿದೆ. ಕಣ್ಣು ಅರಿಶಿನದ ಹಾಗೆ, ಮೂತ್ರ ಕಡು ಚಹಾದ ಬಣ್ಣ, ಮಲ ಮಾತ್ರ ಬಿಳಿ ಮಣ್ಣಿನ ಹಾಗೆ. ಸುಮ್ನೆ ಕಾಮಾಲೆ ಅಂದುಕೊಂಡು ನೆಲನೆಲ್ಲಿ ಕಷಾಯ ಕೊಟ್ಟೆವು. ಅದರಲ್ಲೇ ಹತ್ತು ದಿನ ಹೋಯಿತು. ನೆನೆದರೆ ಸಂಕಟ ಆಗುತ್ತದೆ.

ಸ್ಕ್ಯಾನ್ ಮಾಡಿಸಿದಾಗ ಪಿತ್ತನಾಳದಲ್ಲಿ ಕಲ್ಲು ಕಂಡಿತು. ಲಿವರ್ ಮಾಡಿದ ಪಿತ್ತರಸ ಕರುಳಿಗೆ ಇಳಿಯದೆ ಹಿಂದಕ್ಕೆ ಒತ್ತುತ್ತದೆ, ಅದರಲ್ಲಿರುವ ಬಿಲಿರುಬಿನ್ ಅನ್ನುವ ಹಳದಿ ಬಣ್ಣದ ವಸ್ತು ರಕ್ತಕ್ಕೆ ಸೇರುತ್ತದೆ. ತಿಂಗಳುಗಟ್ಟಲೆ ಹೀಗೇ ಬಿಟ್ಟರೆ ಲಿವರ್ ಗಟ್ಟಿಯಾಗಿ ಸಿರೋಸಿಸ್ ಆಗಬಹುದಂತೆ. ಪಿತ್ತರಸ ಇಲ್ಲದೆ ವಿಟಮಿನ್ ಕೆ ಮೈಗೆ ಹತ್ತುವುದಿಲ್ಲ, ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಅದಕ್ಕೇ ಇಂಜೆಕ್ಷನ್ ಕೊಟ್ಟಿದ್ದಾರೆ. ನಡುಕ, ಜ್ವರ ಬಂದರೆ ಒಂದು ಗಂಟೆಯೂ ಕಾಯಬೇಡಿ ಅಂದಿದ್ದಾರೆ ಡಾಕ್ಟರ್.

ಗುರುವಾರ ಮಣಿಪಾಲದಲ್ಲಿ ಇಆರ್‌ಸಿಪಿ. ಬಾಯಿಂದ ಕೊಳವೆ ಇಳಿಸಿ ಕಲ್ಲು ತೆಗೆಯುತ್ತಾರೆ, ಬೇಕಾದರೆ ನಾಳ ತೆರೆದಿಡಲು ಸ್ಟೆಂಟ್ ಅನ್ನುವ ಸಣ್ಣ ನಳಿಕೆ ಇಡುತ್ತಾರೆ. ಉಡುಪಿ, ಮಂಗಳೂರು ಕಡೆ ಮಾಡಿಸಿಕೊಂಡವರು ದಯವಿಟ್ಟು ಹೇಳಿ. ತುರಿಕೆ ಎಷ್ಟು ದಿನಕ್ಕೆ ಇಳಿಯಿತು? ಗಂಜಿ ಬಿಟ್ಟರೆ ಏನು ಸೇರಿತು? ಅಮ್ಮ ಬಂಗುಡೆ ಪುಳಿಮುಂಚಿ ಕೇಳುತ್ತಿದ್ದಾರೆ, ನನಗೆ ಕೊಡುವ ಧೈರ್ಯ ಇಲ್ಲ.