ಅಪ್‌ಡೇಟ್: ಅಮ್ಮನ ಜೊತೆ ಪಿರಾನ್‌ಗೆ ಹೋಗಿ ಬಂದೆವು

ಮ್ಯೂನಿಕ್‌ನಿಂದ ಅಮ್ಮನನ್ನು ಆಡ್ರಿಯಾಟಿಕ್ ಸಮುದ್ರಕ್ಕೆ ಕರೆದುಕೊಂಡು ಹೋಗಬೇಕು, ವೆನಿಸ್ ಒಳ್ಳೆಯದಾ ಸ್ಲೊವೇನಿಯಾದ ಪಿರಾನ್ ಒಳ್ಳೆಯದಾ ಅಂತ ಹೋದ ತಿಂಗಳು ಕೇಳಿದ್ದೆ. ಪಿರಾನ್ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್.

ಮೊದಲೇ ಹೇಳಿಬಿಡುತ್ತೇನೆ, ಊರೊಳಗೆ ಮರಳಿನ ಬೀಚ್ ಇಲ್ಲ. ಕಲ್ಲು, ಕಾಂಕ್ರೀಟ್ ಕಟ್ಟೆ, ಮೆಟ್ಟಿಲಿಳಿದರೆ ನೀರು. ಕಾರನ್ನು ಹೊರಗೇ ಬಿಟ್ಟು ಬಸ್ಸಿನಲ್ಲಿ ಹೋದೆವು. ಬಸ್ ಇಳಿಯುವ ತಾರ್ತೀನಿ ಚೌಕ ಮೊದಲು ದೋಣಿ ನಿಲ್ಲುವ ಬಂದರಾಗಿತ್ತಂತೆ, 1894ರಲ್ಲಿ ಮಣ್ಣು ತುಂಬಿ ಮುಚ್ಚಿದರು.

ಸಮುದ್ರ ಮೂರು ಕಡೆ ನೆಲದಿಂದ ಸುತ್ತುವರಿದಿದೆ, ಹೊರಗೆ ಹೋಗಲು ದಕ್ಷಿಣದಲ್ಲಿ ಒಟ್ರಾಂಟೊ ಜಲಸಂಧಿ ಒಂದೇ, ಸುಮಾರು 72 ಕಿಲೋಮೀಟರ್ ಅಗಲ. ಅದಕ್ಕೇ ನಮ್ಮ ಕಾರವಾರದ ಥರ ದೊಡ್ಡ ಅಲೆ ಇಲ್ಲ, ಅಮ್ಮ ಧೈರ್ಯವಾಗಿ ಇಳಿದರು. ಆದರೆ ಮೂರನೇ ದಿನ ಈಶಾನ್ಯದಿಂದ ಬೋರಾ ಗಾಳಿ ಬೀಸಿತು, ಜಾಕೆಟ್ ಇಲ್ಲದೆ ನಿಲ್ಲಲು ಆಗಲಿಲ್ಲ, ಒಂದು ದಪ್ಪ ಬಟ್ಟೆ ಇಟ್ಟುಕೊಳ್ಳಿ.

ಅಮ್ಮನಿಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಹತ್ತಿರದ ಸೆಚೊವ್ಲಿಯೆ ಉಪ್ಪಿನ ಗದ್ದೆಗಳು. ಗದ್ದೆಯ ತಳದಲ್ಲಿ ಪೆಟೋಲಾ ಅಂತ ತೆಳ್ಳಗಿನ ಪದರ ಬೆಳೆಸುತ್ತಾರೆ, ಪಾಚಿ, ಬ್ಯಾಕ್ಟೀರಿಯಾ, ಜಿಪ್ಸಂ ಎಲ್ಲ ಸೇರಿದ್ದು. ಕೆಳಗಿನ ಕೆಸರು ಉಪ್ಪಿಗೆ ತಾಗದ ಹಾಗೆ ಅದು ತಡೆಯುತ್ತದೆ. ಅಮ್ಮ ಒಂದು ಹರಳು ನಾಲಿಗೆಗಿಟ್ಟು, "ಸಾಣಿಕಟ್ಟೆ ಉಪ್ಪು ಇದಕ್ಕಿಂತ ಖಾರ ಅಲ್ವಾ" ಅಂದರು. ಅರ್ಧ ಕಿಲೋ ತಂದಿದ್ದೇವೆ, ಈ ವಾರ ಮಾವಿನಮಿಡಿಗೆ ಹಾಕುತ್ತಾರಂತೆ.