ಒಡಹುಟ್ಟಿದವರು ಸೇರಿ ಪೋರ್ಚುಗಲ್‌ನಲ್ಲಿ ಗೆಸ್ಟ್‌ಹೌಸ್: ಹೋದವರು ಹೇಳಿದ್ದು

ಕೇಳಿದ್ದು

ನಾನು, ನನ್ನ ಅಕ್ಕ, ಬಾವ. ಸಕಲೇಶಪುರದ ಹತ್ತಿರ ಒಂಬತ್ತು ವರ್ಷ ಹೋಂಸ್ಟೇ ನಡೆಸಿದ್ದೇವೆ. ಪೋರ್ಚುಗಲ್‌ನಲ್ಲಿ ಹಳೆ ಮನೆ ಕೊಂಡು ಆರು ರೂಮಿನ ಗೆಸ್ಟ್‌ಹೌಸ್ ಮಾಡಬೇಕು ಅಂತ ಆಸೆ. ಅಕ್ಕ ವೀಸಾ ತೆಗೆದುಕೊಂಡರೆ ಅವಳ ಮೇಲೆ ನಾವಿಬ್ಬರೂ ಹೋಗಬಹುದು ಎಂದು ಏಜೆಂಟ್ ಒಬ್ಬರು ಹೇಳಿದ್ದಾರೆ. ದುಡ್ಡಿಗೆ ಐದೆಕರೆ ಕಾಫಿ ತೋಟ ಮಾರುವ ಯೋಚನೆ ಇದೆ. ಬೆಳಗಿನ ತಿಂಡಿಗೆ ಅಕ್ಕಿ ರೊಟ್ಟಿ, ಕಡುಬು ಕೊಟ್ಟರೆ ನಡೆಯುತ್ತಾ? ಒಡಹುಟ್ಟಿದವರ ಜತೆ ಹೀಗೆ ಹೋದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಪೋರ್ಚುಗಲ್‌ನ ತೊಮಾರ್‌ನಿಂದ, ತಮ್ಮನ ಜತೆ ಹೋದ ಅಕ್ಕ

ಮೊದಲು ಆ ಏಜೆಂಟ್ ಹೇಳಿದ್ದನ್ನು ಮರೆತುಬಿಡಿ. ಅಕ್ಕನ ಮೇಲೆ ಬಾವ ಹೋಗಬಹುದು, ನೀವು ಹೋಗೋಕಾಗಲ್ಲ. ಗಂಡ, ಹೆಂಡತಿ, ಚಿಕ್ಕ ಮಕ್ಕಳು, ಆಸರೆಯಲ್ಲಿರುವ ಅಪ್ಪ-ಅಮ್ಮ, ಹೆಚ್ಚುಕಡಿಮೆ ಇಷ್ಟೇ ಅಲ್ಲಿನ ಲೆಕ್ಕದಲ್ಲಿ ಕುಟುಂಬ. ದುಡಿಯುವ ವಯಸ್ಸಿನ ತಮ್ಮ ಅವರಿಗೆ ಹೊರಗಿನವನೇ. ನಾವು ಶಿರಸಿ ಕಡೆಯವರು, ನಮಗೂ ಇದೇ ಆಯಿತು. ನನ್ನ ವಾಸದ ಕಾರ್ಡ್ ಆದಮೇಲೆ ನನ್ನ ಗಂಡ ಬಂದರು. ತಮ್ಮ ಮಾತ್ರ ತನ್ನದೇ ಫೈಲ್ ಹಾಕಬೇಕಾಯಿತು. ಇಬ್ಬರೂ ಪಾಲುದಾರರಾಗಿ ಸಣ್ಣ ಕಂಪನಿ ಮಾಡಿ, ಇಬ್ಬರೂ ಡಿ-2 ವೀಸಾಕ್ಕೆ ಬೇರೆ ಬೇರೆ ಅರ್ಜಿ ಕೊಟ್ಟೆವು. ಡಿ-2 ಎಂದರೆ ವ್ಯಾಪಾರ ಮಾಡುವವರದ್ದು. ಬಾಡಿಗೆ, ಪೆನ್ಷನ್ ಆದಾಯದ ಮೇಲೆ ಸುಮ್ನೆ ಬಂದು ಇರುವವರಿಗೆ ಡಿ-7. ಗೆಸ್ಟ್‌ಹೌಸ್‌ಗೆ ಡಿ-7 ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. 2025ರ ಅಕ್ಟೋಬರ್‌ನಲ್ಲಿ ಕಾನೂನು ಇನ್ನೂ ಬಿಗಿ ಮಾಡಿದ್ದಾರೆ. ಬಾವ ಯಾವಾಗ ಸೇರಿಕೊಳ್ಳಬಹುದು ಎಂಬುದನ್ನೂ ವಕೀಲರ ಹತ್ತಿರ ಕೇಳಿಯೇ ಹೊರಡಿ.

ವೀಸಾ ಸಿಕ್ಕರೆ ಮುಗಿಯಿತು ಅಂದುಕೊಳ್ಳಬೇಡಿ. ಅದು ನಾಲ್ಕು ತಿಂಗಳದ್ದು. ಅಲ್ಲಿ ಹೋಗಿ ಎರಡು ವರ್ಷದ ವಾಸದ ಕಾರ್ಡ್ ಮಾಡಿಸಬೇಕು. 2023ರ ಅಕ್ಟೋಬರ್‌ನಲ್ಲಿ ಹಳೆ ವಲಸೆ ಇಲಾಖೆ ಮುಚ್ಚಿ ಐಮಾ ಎಂಬ ಹೊಸದನ್ನು ತಂದರು. ಬಾಕಿ ಬಿದ್ದ ಲಕ್ಷಗಟ್ಟಲೆ ಫೈಲ್‌ಗಳೂ ಅದರ ತಲೆ ಮೇಲೆ ಬಂದವು. ನಮ್ಮ ಮನೆಯಲ್ಲಿ ನನ್ನ ಕಾರ್ಡ್ ನವೀಕರಣ ಆಗಿ ಎಷ್ಟೋ ತಿಂಗಳ ಮೇಲೆ ತಮ್ಮನದ್ದು ಆಯಿತು. ಒಂದೇ ಕಂಪನಿ, ಒಂದೇ ದಿನದ ಅರ್ಜಿ! ಅಷ್ಟು ದಿನ ಅವನು ಊರಿಗೆ ಬರಲಿಲ್ಲ. ಬಂದರೆ ವಾಪಸ್ ಬಿಡುತ್ತಾರೋ ಇಲ್ಲವೋ ಅಂತ ಹೆದರಿಕೆ. ಅಜ್ಜಿ ತೀರಿಕೊಂಡಾಗ ನಾನೊಬ್ಬಳೇ ಬಂದೆ.

ಇನ್ನು ಮನೆ. ಗಾರೆ ಕಿತ್ತು ಹೋದ ಕಲ್ಲಿನ ಮನೆ, ಹಿಂದೆ ಆಲಿವ್ ಮರಗಳು, ಅಗ್ಗದ ರೇಟು. ಫೋಟೋ ನೋಡಿದ ಕೂಡಲೇ ಮನಸ್ಸು ಕರಗುತ್ತದೆ. ನಾವು ಮೊದಲು ಒಪ್ಪಿದ ಮನೆಗೆ ಏಳು ಜನ ವಾರಸುದಾರರು. ಒಬ್ಬರು ಫ್ರಾನ್ಸ್, ಒಬ್ಬರು ಬ್ರೆಜಿಲ್, ಇಬ್ಬರಿಗೆ ಮಾತಿಲ್ಲ. ನಮ್ಮೂರಿನ ಪಾಲಿನ ಜಗಳ ಬಿಟ್ಟು ಅಷ್ಟು ದೂರ ಹೋದರೆ ಅಲ್ಲೂ ಅದೇ! ಹನ್ನೊಂದು ತಿಂಗಳು ಕಾದು ಕೈಬಿಟ್ಟೆವು. ಅದೃಷ್ಟಕ್ಕೆ ಮುಂಗಡ ಕೊಟ್ಟಿರಲಿಲ್ಲ. ಅಲ್ಲಿ ಮೊದಲು ಒಂದು ಕರಾರು ಆಗುತ್ತದೆ, ಸಾಮಾನ್ಯವಾಗಿ 10% ಮುಂಗಡ. ಕೊಳ್ಳುವವರು ಹಿಂದೆ ಸರಿದರೆ ಅದು ಹೋಯಿತು. ಮಾರುವವರು ಸರಿದರೆ ಎರಡರಷ್ಟು ಕೊಡಬೇಕು. ಕಾಡಿನ ಹತ್ತಿರದ ಮನೆಯಾದರೆ ಸುತ್ತ 50 ಮೀಟರ್ ಒಣ ಹುಲ್ಲು, ಪೊದೆ ಕಡಿದಿಡುವುದು ಬೇಸಗೆಗೆ ಮೊದಲಿನ ಕಡ್ಡಾಯ ಕೆಲಸ. 2017ರ ಜೂನ್‌ನಲ್ಲಿ ಪೆದ್ರೋಗಾವ್ ಗ್ರಾಂದೆ ಕಡೆ ಕಾಡಿನ ಬೆಂಕಿಗೆ 66 ಜನ ಸತ್ತಿದ್ದಾರೆ. ತುಂಬ ಜನ ಕಾರಿನಲ್ಲಿ ತಪ್ಪಿಸಿಕೊಂಡು ಹೋಗುವಾಗ ರಸ್ತೆಯಲ್ಲೇ. ಕಾಡಂಚಿನ ಮನೆ ನೋಡುವಾಗ ಇದು ತಲೆಯಲ್ಲಿರಲಿ.

ಲೈಸೆನ್ಸ್ ಹೆಸರು ಅಲೊಜಮೆಂತು ಲೊಕಾಲ್, ಎಲ್ಲರೂ ಎಎಲ್ ಅನ್ನುತ್ತಾರೆ. ಊರಿನ ಪುರಸಭೆಗೆ ಆನ್‌ಲೈನ್‌ನಲ್ಲಿ ತಿಳಿಸಬೇಕು. ಅವರು 60 ದಿನದೊಳಗೆ ತಕರಾರು ಎತ್ತಬಹುದು. ಗೆಸ್ಟ್‌ಹೌಸ್ ಆದರೆ 9 ರೂಮಿನವರೆಗೆ ಸರಿ. ನಿಮ್ಮ ಆರು ರೂಮು ಅದರೊಳಗೇ ಬರುತ್ತದೆ. ಲಿಸ್ಬನ್‌ನ ಹಳೆ ಭಾಗಗಳ ಆಸೆ ಬಿಡಿ. ಅಲ್ಲಿ ಹೊಸ ನೋಂದಣಿಗೆ ತಡೆ ಇರುವ ವಾರ್ಡ್‌ಗಳಿವೆ. ಬಾಗಿಲಲ್ಲಿ ಎಎಲ್ ಫಲಕ, ಬೆಂಕಿ ಆರಿಸುವ ಸಿಲಿಂಡರ್, ಫಸ್ಟ್‌ಏಡ್ ಡಬ್ಬಿ, ತುರ್ತು ಕರೆಯ 112 ನಂಬರ್ ಕಾಣುವ ಹಾಗೆ, ವಿಮೆ, ಎಲ್ಲ ಬೇಕು. ಸೂಚನೆಗಳ ಪುಸ್ತಕ ನಾಲ್ಕು ಭಾಷೆಯಲ್ಲಿ ಇಡಬೇಕು. ಪೋರ್ಚುಗೀಸ್, ಇಂಗ್ಲಿಷ್ ಕಡ್ಡಾಯ, ಉಳಿದೆರಡು ನಿಮ್ಮಿಷ್ಟ. ಕನ್ನಡ ಹಾಕೋಣ ಅಂದ ತಮ್ಮ. ಫ್ರೆಂಚ್, ಸ್ಪ್ಯಾನಿಷ್ ಹಾಕಿದೆವು. ವಿದೇಶಿ ಅತಿಥಿ ಬಂದರೆ ನೀವು ಇಲ್ಲಿ 24 ಗಂಟೆಯಲ್ಲಿ ಸರ್ಕಾರಕ್ಕೆ ಫಾರಂ ಹಾಕುತ್ತೀರಲ್ಲ, ಅಲ್ಲೂ ಹಾಗೇ ಒಂದಿದೆ. ಮೂರು ಕೆಲಸದ ದಿನ ಸಮಯ ಕೊಡುತ್ತಾರೆ.

ದೂರಿನ ಪುಸ್ತಕದ ಕತೆ ಹೇಳಲೇಬೇಕು. ಕೆಂಪು ರಟ್ಟಿನ ಪುಸ್ತಕ. ಅತಿಥಿ ಕೇಳಿದರೆ ಇಲ್ಲ ಅನ್ನುವ ಹಾಗಿಲ್ಲ. ಮೊದಲ ಚಳಿಗಾಲದಲ್ಲಿ ಒಬ್ಬರು ಗೋಡೆಯ ಬೂಷ್ಟು ತೋರಿಸಿ ಪುಸ್ತಕ ಕೊಡಿ ಅಂದರು. ನನ್ನ ತಮ್ಮ ಹೋಂಸ್ಟೇ ಅಭ್ಯಾಸದಲ್ಲಿ, "ಬಿಡಿ ಸರ್, ಕೂತುಕೊಳ್ಳಿ, ಒಂದು ಕಾಫಿ ಕುಡಿಯಿರಿ" ಅಂತ ಸಮಾಧಾನಕ್ಕೆ ಹೋದ. ಅವರು ಪೊಲೀಸರಿಗೆ ಫೋನ್ ಮಾಡಲು ಹೊರಟರು! ಆಮೇಲೆ ಕೊಟ್ಟೆವು. ಅವರು ಬರೆದರು, ನಾವು 15 ಕೆಲಸದ ದಿನದೊಳಗೆ ಇಲಾಖೆಗೆ ಕಳಿಸಿದೆವು. ಅವರು ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಲ್ಲಿನ ಹಳೆ ಮನೆಗಳಲ್ಲಿ ಹೀಟಿಂಗ್ ಇರುವುದಿಲ್ಲ. ಡಿಸೆಂಬರ್‌ನಲ್ಲಿ ಹೊರಗಿಗಿಂತ ಒಳಗೇ ಚಳಿ ಜಾಸ್ತಿ. ಹಾಸಿಗೆ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ, ನಮ್ಮ ಜುಲೈ ತಿಂಗಳ ಹಾಗೆ.

ಅತಿಥಿಗಳು ಯಾರು ಅಂತ ನೋಡಿ ಊರು ಆರಿಸಿ. ತೊಮಾರ್‌ನಿಂದ ಮೇರಿಯಮ್ಮನ ಯಾತ್ರಾಸ್ಥಳ ಫಾತಿಮಾ ಸುಮಾರು 30 ಕಿಲೋಮೀಟರ್. ಮೇ 13, ಅಕ್ಟೋಬರ್ 13ಕ್ಕೆ ಅಲ್ಲಿ ಜಾತ್ರೆಯೇ. ಮಂಗಳೂರಿನ ಕಡೆಯ ಕ್ರೈಸ್ತ ಯಾತ್ರಿಕರೂ ಬರುತ್ತಾರೆ. ಒಮ್ಮೆ ಒಬ್ಬರು ಅಜ್ಜಿ ನನ್ನ ಕನ್ನಡ ಕೇಳಿ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಸ್ಪೇನ್‌ನ ಯಾತ್ರಾಸ್ಥಳ ಸಾಂತಿಯಾಗೊಗೆ ನಡೆದು ಹೋಗುವವರ ದಾರಿಯೂ ನಮ್ಮ ಊರಿನ ಮೇಲೇ ಹೋಗುತ್ತದೆ. ನಾಲ್ಕು ವರ್ಷಕ್ಕೊಮ್ಮೆ ಜುಲೈನಲ್ಲಿ ತಬುಲೈರೊಸ್ ಹಬ್ಬ. ಹೆಣ್ಣುಮಕ್ಕಳು ತಮ್ಮಷ್ಟೇ ಎತ್ತರಕ್ಕೆ ಬ್ರೆಡ್ಡು, ಕಾಗದದ ಹೂವು ಪೋಣಿಸಿದ ತಟ್ಟೆ ತಲೆ ಮೇಲೆ ಹೊತ್ತು ನಡೆಯುತ್ತಾರೆ. 2023ರಲ್ಲಿ ನಮ್ಮಲ್ಲಿ ನಾವು ಮಲಗಲೂ ಜಾಗ ಇರಲಿಲ್ಲ. ಮುಂದಿನದು 2027. ಇದಕ್ಕೆ ಉಲ್ಟಾ 2020. ಆ ವರ್ಷ ಮೇ 13ಕ್ಕೆ ಫಾತಿಮಾದಲ್ಲಿ ಯಾತ್ರಿಕರೇ ಇಲ್ಲದೆ ಪ್ರಾರ್ಥನೆ ನಡೆಯಿತು. ನಾವಿಬ್ಬರೂ ಟಿವಿಯಲ್ಲಿ ಆ ಖಾಲಿ ಬಯಲು ನೋಡುತ್ತ ಕೂತಿದ್ದೆವು.

ತಿಂಡಿ ಬಗ್ಗೆ: ನಡೆಯುವವರು ಬೆಳಗ್ಗೆ ಆರಕ್ಕೆ ಹೊರಡುತ್ತಾರೆ. ಬ್ರೆಡ್ಡು, ಚೀಸು, ಬಾಳೆಹಣ್ಣು, ಕಾಫಿ ಸಿಕ್ಕರೆ ಸಾಕು. ಕಡುಬನ್ನು ಸಂಜೆಗೆ, ಕೇಳಿದವರಿಗೆ ಮಾತ್ರ ಇಡಿ. ನಾನು ಮೊದಲ ತಿಂಗಳು ದಿನಾ ದೋಸೆ ಹೊಯ್ದೆ. ತಿಂದವರು ಹೊಗಳಿದರು, ನಾನು ಸುಸ್ತಾದೆ.

ಜಗಳ ಶುರುವಾಗಿದ್ದೂ ಅಲ್ಲೇ. ಐದಕ್ಕೆ ಏಳುವವರು ಯಾರು? ಅಕ್ಕ ಅಲ್ವಾ, ನಾನೇ ಏಳುತ್ತಿದ್ದೆ. ಅವನು ರಾತ್ರಿ ಹನ್ನೊಂದರವರೆಗೆ ಅತಿಥಿಗಳಿಗೆ ಕಾದು ಕೂರುತ್ತಿದ್ದ, ಅದು ನನಗೆ ಕಾಣಲಿಲ್ಲ. ನಾವಿಬ್ಬರೂ ಬೇರೆ ಬೇರೆಯಾಗಿ ಅಮ್ಮನಿಗೆ ಫೋನ್ ಮಾಡಿ ಹೇಳಿಕೊಳ್ಳುತ್ತಿದ್ದೆವು. ಅಮ್ಮ ಪಾಪ ಇಬ್ಬರಿಗೂ "ನೀನೇ ಸ್ವಲ್ಪ ಅನುಸರಿಸಿಕೊಂಡು ಹೋಗು" ಅನ್ನುತ್ತಿದ್ದರು. ಒಂದು ದಿನ ಗೊತ್ತಿಲ್ಲದೆ ಇಬ್ಬರೂ ಒಂದೇ ಹೊತ್ತಿಗೆ ಮಾಡಿದ್ದೇವೆ. ನಾನು ಅಡುಗೆಮನೆಯಲ್ಲಿ, ಅವನು ಹಿತ್ತಲಲ್ಲಿ. ಅವನಿಗೆ ಲೈನ್ ಎಂಗೇಜ್ ಬಂತು. ಫೋನ್ ಕಿವಿಯಲ್ಲಿಟ್ಟುಕೊಂಡೇ ಕಿಟಕಿಯಲ್ಲಿ ನನ್ನ ಮುಖ ನೋಡಿದ. ಆ ರಾತ್ರಿ ಒಂದು ನೋಟ್‌ಬುಕ್ ತೆಗೆದು ಬರೆದೆವು. ಇಬ್ಬರಿಗೂ ತಿಂಗಳ ಸಂಬಳ, ಎಷ್ಟೇ ಕಡಿಮೆ ಇರಲಿ. ವಾರಕ್ಕೊಂದು ಪೂರ್ತಿ ರಜೆ. ಬಿಟ್ಟು ಹೋಗುವವರು ಆರು ತಿಂಗಳು ಮೊದಲು ಹೇಳಬೇಕು. ಅವರ ಪಾಲಿನ ಬೆಲೆಯನ್ನು ಹೊರಗಿನ ಲೆಕ್ಕಿಗರು ಕಟ್ಟಬೇಕು, ಕೊಡಲು ಮೂರು ವರ್ಷ ಸಮಯ. ಕೊನೆಯ ಸಾಲು: ಅಮ್ಮನಿಗೆ ದೂರು ಹೇಳುವಂತಿಲ್ಲ. ಆಮೇಲೆ ಮೇಲಿನದ್ದನ್ನೆಲ್ಲ ವಕೀಲರ ಕೈಲಿ ಕಂಪನಿ ಕಾಗದಕ್ಕೆ ಸೇರಿಸಿದೆವು, ಕೊನೆಯ ಸಾಲು ಬಿಟ್ಟು. ನೀವು ಇದನ್ನು ಹೊರಡುವ ಮೊದಲೇ ಬರೆಯಿರಿ. ಬಾವನನ್ನೂ ಕೂರಿಸಿಕೊಂಡು.

ಹುಬ್ಬಳ್ಳಿಯಿಂದ, ಬ್ಯಾಂಕಿನ ಫಾರೆಕ್ಸ್ ಕೌಂಟರಿನಲ್ಲಿದ್ದವರು

ತೋಟದ ಬಗ್ಗೆ ಮಾತ್ರ ಹೇಳುತ್ತೇನೆ. ಮಾರುವ ಮೊದಲು ನೂರು ಸಲ ಯೋಚಿಸಿ. ಎನ್‌ಆರ್‌ಐ ಆದಮೇಲೂ ಇದ್ದ ತೋಟ ಇಟ್ಟುಕೊಳ್ಳಬಹುದು, ಅಪ್ಪನಿಂದ ಬಂದರೆ ಪಡೆಯಬಹುದು. ಆದರೆ ಹೊಸದಾಗಿ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳಲು ಬರುವುದಿಲ್ಲ. 2020ರಲ್ಲಿ ಕರ್ನಾಟಕದ ಭೂ ಸುಧಾರಣಾ ಕಾಯ್ದೆ ಸಡಿಲವಾಯಿತಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಇದು ಫೆಮಾ, ಅಂದರೆ ಕೇಂದ್ರದ ವಿದೇಶಿ ವಿನಿಮಯ ಕಾಯ್ದೆಯ ನಿಯಮ. ಅಂದರೆ ಈಗ ಮಾರಿದರೆ ಅಲ್ಲಿದ್ದುಕೊಂಡು ಮತ್ತೆ ಕೊಳ್ಳೋಕಾಗಲ್ಲ.

ದುಡ್ಡು ಕಳಿಸುವ ಮಿತಿ ಒಂದು ಆರ್ಥಿಕ ವರ್ಷಕ್ಕೆ ಒಬ್ಬರಿಗೆ 2,50,000 ಡಾಲರ್. ಅಕ್ಕ, ಬಾವ, ನೀವು, ಮೂವರಿಗೂ ಪ್ರತ್ಯೇಕ. 10 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ 20% ಟಿಸಿಎಸ್ (ಬ್ಯಾಂಕೇ ಮುಂಚಿತವಾಗಿ ವಸೂಲು ಮಾಡುವ ತೆರಿಗೆ) ಹಿಡಿಯುತ್ತಾರೆ. ರಿಟರ್ನ್ ಹಾಕುವಾಗ ತೆರಿಗೆಗೆ ಹೊಂದಿಸಿಕೊಳ್ಳಬಹುದು, ಹೆಚ್ಚಿದ್ದರೆ ವಾಪಸ್ ಬರುತ್ತದೆ. ಆದರೆ ಅಷ್ಟು ದಿನ ಆ ದುಡ್ಡು ನಿಮ್ಮ ಕೈಯಲ್ಲಿಲ್ಲ. ಇದನ್ನು ಮರೆತು ಮನೆ ಕರಾರಿಗೆ ದಿನ ಗೊತ್ತು ಮಾಡಿ ಒದ್ದಾಡಿದವರನ್ನು ನೋಡಿದ್ದೇನೆ. ಇನ್ನೊಂದು: ಇಲ್ಲಿಂದಲೇ ಅಲ್ಲಿನ ಕಂಪನಿಗೆ ಬಂಡವಾಳ ಹಾಕುವುದಾದರೆ ವಿದೇಶಿ ಹೂಡಿಕೆಗೆ ಬ್ಯಾಂಕಿಗೆ ಕೊಡುವ ಫಾರಂ ಎಫ್‌ಸಿ ಮೊದಲು, ದುಡ್ಡು ಆಮೇಲೆ.

ಕುಂದಾಪುರದಿಂದ, ವಾಪಸ್ ಬಂದವರು

ನಾನು, ನನ್ನ ಅಣ್ಣ ಪೋರ್ಚುಗಲ್‌ನ ದಕ್ಷಿಣ ಕರಾವಳಿಯ ಆಲ್ಗಾರ್ವ್ ಕಡೆ ಮನೆ ಲೀಸ್ ಹಿಡಿದಿದ್ದೆವು. ಎಎಲ್ ನಂಬರ್ ಮಾಲೀಕರ ಹೆಸರಲ್ಲಿತ್ತು. ಎರಡನೇ ವರ್ಷ ಅವರು ಮನೆ ಮಾರಿದರು. ಹಾಸಿಗೆ, ಫ್ರಿಜ್ಜು ನಮ್ಮದು, ವ್ಯಾಪಾರ ನಮ್ಮದಲ್ಲ! ಬೇಸಗೆ ತುಂಬಿ ತುಳುಕುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ನೊಣ ಹೊಡೆಯಬೇಕು. ನಮ್ಮ ಕಡೆಯವರು ಮುಂಬೈಗೆ ಹೋಗಿ ಹೋಟೆಲ್ ಇಟ್ಟಾಗ ಒಬ್ಬ ಗಲ್ಲಾದಲ್ಲಿ, ಒಬ್ಬ ಅಡುಗೆಯಲ್ಲಿ, ಒಬ್ಬ ಊರಿನ ಗದ್ದೆಯಲ್ಲಿ ಇರುತ್ತಿದ್ದರು. ನಾವು ಇಬ್ಬರೂ ಒಟ್ಟಿಗೆ ಹೊರಟು ಊರಲ್ಲಿ ಯಾರನ್ನೂ ಬಿಡಲಿಲ್ಲ, ಅದೇ ತಪ್ಪು. ಅಣ್ಣ ಈಗ ಅಲ್ಲೇ ಬೇರೆಯವರ ಹೋಟೆಲಿನಲ್ಲಿ ಕೆಲಸಕ್ಕಿದ್ದಾನೆ. ಮಾತಾಡುತ್ತೇವೆ, ಲೆಕ್ಕದ ವಿಷಯ ಬಿಟ್ಟು.

ಕೇಳಿದವರು ಮತ್ತೆ

ತುಂಬಾ ಥ್ಯಾಂಕ್ಸ್. ಅಕ್ಕನಿಗೆ ಎಲ್ಲ ಓದಿ ಹೇಳಿದೆ. ನೋಟ್‌ಬುಕ್ ವಿಷಯಕ್ಕೆ ಬಾವ ಜೋರಾಗಿ ನಕ್ಕರು, ಅಕ್ಕ ನಗಲಿಲ್ಲ. ತೋಟ ಸದ್ಯಕ್ಕೆ ಮಾರುವುದಿಲ್ಲ. ಮೊದಲು ಅಕ್ಕ, ಬಾವ ಹೋಗಿ, ನಾನು ಒಂದು ವರ್ಷ ಇಲ್ಲೇ ಹೋಂಸ್ಟೇ ನೋಡಿಕೊಂಡರೆ ಹೇಗೆ? ಮೇ ತಿಂಗಳಲ್ಲಿ ಒಮ್ಮೆ ಊರು ನೋಡಿ ಬರೋಣ ಅಂತಿದ್ದೇವೆ.

ತೊಮಾರ್‌ನಿಂದ

ಹಾಗೇ ಮಾಡಿ. ಆದರೆ ಮೇನಲ್ಲಿ ಬರಬೇಡಿ, ಆಗ ಎಲ್ಲ ಮನೆಯೂ ಚಂದ. ಜನವರಿಯಲ್ಲಿ ಬನ್ನಿ. ಕೊಳ್ಳಬೇಕು ಅನ್ನಿಸಿದ ಮನೆಯ ಗೋಡೆಗೆ, ಮಂಚದ ಹಿಂದೆ, ಅಂಗೈ ಒತ್ತಿ ನೋಡಿ. ನಮ್ಮಲ್ಲಿ ಆಗ ಮೂರು ರೂಮು ಖಾಲಿ ಇರುತ್ತವೆ, ಉಳಿದುಕೊಳ್ಳಿ. ಬರುವಾಗ ಒಂದು ಕೆಜಿ ಅಪ್ಪೆಮಿಡಿ ಉಪ್ಪಿನಕಾಯಿ ತಂದರೆ ಬಾಡಿಗೆ ಬೇಡ.