ಮಗನಿಗೆ ಇಂಗ್ಲಿಷ್ ಸ್ಪೆಲ್ಲಿಂಗ್ ಹತ್ತುತ್ತಿಲ್ಲ, ಫೋನಿಕ್ಸ್‌ಗೆ ಸೇರಿಸಲಾ? ನಿಮ್ಮ ಅನುಭವ ಹೇಳಿ

ತಿಪಟೂರಿನ ಅಪ್ಪ:
ಮಗ ಎರಡನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಈ ವರ್ಷ ಮೂರಕ್ಕೆ ಇಂಗ್ಲಿಷ್ ಮೀಡಿಯಂಗೆ ಹಾಕಿದೆವು. ಕನ್ನಡ ಪಟಪಟ ಓದುತ್ತಾನೆ. ಇಂಗ್ಲಿಷ್ ಡಿಕ್ಟೇಷನ್‌ನಲ್ಲಿ ಇಪ್ಪತ್ತಕ್ಕೆ ಆರು. 'ನೈಫ್' ಬರಿ ಅಂದರೆ ಎನ್‌ನಿಂದ ಶುರು ಮಾಡುತ್ತಾನೆ. "ಕೆ ಯಾಕಪ್ಪಾ ಬರೀಬೇಕು, ನಾವು ಅದನ್ನ ಹೇಳೋದೇ ಇಲ್ವಲ್ಲ" ಅಂತ ಕೇಳುತ್ತಾನೆ. ನನ್ನ ಹತ್ರ ಉತ್ತರ ಇಲ್ಲ. ಇಲ್ಲೊಂದು ಫೋನಿಕ್ಸ್ ಕ್ಲಾಸಿಗೆ (ಅಕ್ಷರಗಳ ಸದ್ದು ಜೋಡಿಸಿ ಓದೋದು, ಬರೆಯೋದು ಕಲಿಸ್ತಾರಂತೆ) ಮೂರು ತಿಂಗಳಿಗೆ 9,000 ಕೇಳುತ್ತಿದ್ದಾರೆ. ಸೇರಿಸಲಾ, ಇಲ್ಲ ಮನೆಯಲ್ಲೇ ದಿನಾ ಬಾಯಿಪಾಠ ಮಾಡಿಸಿದರೆ ಸಾಕಾ?

ಮೈಸೂರಿನ ಅಮ್ಮ:
ಸೇರಿಸಿ ಸರ್, ಯೋಚನೆ ಮಾಡಬೇಡಿ. ನಾನು ಮಗಳಿಗೆ ಮಾಡಿದ ಖರ್ಚು ಪೈಸೆ ಪೈಸೆ ಬರೆದಿಟ್ಟಿದ್ದೇನೆ. ಮೊದಲ ಲೆವೆಲ್ 12,500, ಎರಡನೇದು 9,000, ಕಾರ್ಡು, ಪುಸ್ತಕಕ್ಕೆ 2,350. ಆಟೋಗೆ ಹೋಗಿ ಬರೋಕೆ 140, ಅದು ವಾರಕ್ಕೆ ಎರಡು ಸಲ. ಮೊದಲ ತಿಂಗಳು ದುಡ್ಡು ನೀರಿಗೆ ಹಾಕಿದೆ ಅಂತ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಯಾಕೆ ಗೊತ್ತಾ? ಅವಳದು ಕಾಗುಣಿತ ಕಲಿತ ಬಾಯಿ. ಟೀಚರ್ ಬಿ-ಎ-ಟಿ ತೋರಿಸಿದರೆ 'ಬ, ಆ, ಟ' ಅನ್ನುತ್ತಿದ್ದಳು. ಜೋಡಿಸು ಅಂದರೆ 'ಬಆಟ'. ತುಟಿ ಮುಚ್ಚಿ ಬರೀ 'ಬ್' ಅನ್ನೋದಕ್ಕೆ ಐದು ವಾರ ಹಿಡಿಯಿತು. ಒಲೆ ಮೇಲೆ ಅನ್ನಕ್ಕಿಟ್ಟು ನಾನೂ ಅವಳ ಜೊತೆ 'ಬ್, ಬ್' ಅನ್ನುತ್ತಿದ್ದೆ. ಅದು ಬಂದ ಮೇಲೆ ಸಣ್ಣ ಪದಗಳನ್ನೆಲ್ಲ ತಾನೇ ಓದಿದಳು.

ಆಮೇಲೆ ಎಸ್-ಎ-ಐ-ಡಿ ಬಂತು. ಎ, ಐ ಜೊತೆಗೆ ಬಂದರೆ 'ಏ' ಅಂತ ಹಿಂದಿನ ವಾರವಷ್ಟೇ ಕಲಿಸಿದ್ದರು. ರೇನ್, ಟ್ರೇನ್. ಇವಳು 'ಸೇಡ್' ಅಂದಳು. ಅಲ್ಲ, 'ಸೆಡ್' ಅಂದರು. ಓ-ಎನ್-ಇ 'ವನ್' ಅಂದ ದಿನ ಪುಸ್ತಕ ಎಸೆದು ಅತ್ತಳು. ಈಗ ನಾಲ್ಕನೇ ಕ್ಲಾಸು, ಒಬ್ಬಳೇ ಕೂತು ಕಥೆಪುಸ್ತಕ ಓದುತ್ತಾಳೆ. ಒಂದು ರೂಪಾಯಿಯೂ ದಂಡ ಆಗಿಲ್ಲ.

ಶಿರಸಿಯ ನಿವೃತ್ತ ಮೇಷ್ಟ್ರು:
ಇಪ್ಪತ್ತು ಸಾವಿರ ದಾಟಿಸಿ ಕಡೆಗೆ ಆ 'ಸೆಡ್' ಬಾಯಿಪಾಠವೇ ಮಾಡಿಸಿದ್ದು ಅಲ್ವಾ ತಂಗಿ? ನಾನು ಸರ್ಕಾರಿ ಶಾಲೆಯಲ್ಲಿ 31 ವರ್ಷ ಪಾಠ ಮಾಡಿದವನು. ಒಂದನೇ ಕ್ಲಾಸಿಗೆ ಇಂಗ್ಲಿಷ್ ಬಂದಿದ್ದು 2007ರಲ್ಲಿ. ಅಲ್ಲಿಯವರೆಗೆ ಐದನೇ ಕ್ಲಾಸಿನ ಮಕ್ಕಳಿಗೆ ಎಬಿಸಿಡಿಯಿಂದ ಶುರು ಮಾಡುತ್ತಿದ್ದೆ. ದಿನಕ್ಕೆ ಐದು ಪದ ಬೋರ್ಡಿನ ಮೇಲೆ, ಮರುದಿನ ಪ್ರಾರ್ಥನೆ ಮುಗಿದ ಕೂಡಲೇ ಡಿಕ್ಟೇಷನ್. ಸೀಮೆಸುಣ್ಣದ ಖರ್ಚು ಬಿಟ್ಟರೆ ಬೇರೇನಿಲ್ಲ.

ಬಿ-ಯು-ಟಿ ಬಟ್ ಆದರೆ ಪಿ-ಯು-ಟಿ ಪುಟ್ ಯಾಕೆ ಸಾರ್ ಅಂತ ಪ್ರತಿ ವರ್ಷ ಒಬ್ಬನಾದರೂ ಕೇಳುತ್ತಿದ್ದ. ಮೊದಮೊದಲು 'ಸುಮ್ನೆ ಕೂತ್ಕೋ' ಅಂತ ಗದರಿಸಿದ್ದೇನೆ. ಅದಕ್ಕೆ ಇವತ್ತಿಗೂ ಬೇಜಾರಿದೆ. ಆಮೇಲೆ ಹುಡುಕಿ ಓದಿದೆ. ನಿಮ್ಮ ಮಗ ಕೇಳಿದ ಆ ಕೆ ಒಂದು ಕಾಲದಲ್ಲಿ ಬಾಯಲ್ಲೇ ಇತ್ತು. ಹಳೇ ಇಂಗ್ಲೆಂಡಿನವರು 'ಕ್ನೀಫ್' ಅನ್ನುತ್ತಿದ್ದರು. ಜರ್ಮನ್ನರು ಮೊಣಕಾಲಿಗೆ ಇವತ್ತಿಗೂ 'ಕ್ನೀ' ಅನ್ನುತ್ತಾರೆ. ಕ್ಯಾಕ್ಸ್‌ಟನ್ ಅನ್ನೋ ಮುದ್ರಕ 1476ರಲ್ಲಿ ಇಂಗ್ಲೆಂಡಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಕೂಟ ಹಾಕಿದ. ಅಲ್ಲಿಂದ ಬರಹ ನಿಧಾನಕ್ಕೆ ಗಟ್ಟಿಯಾಯಿತು, ಬಾಯಿ ಮಾತ್ರ ಬದಲಾಗುತ್ತಲೇ ಹೋಯಿತು. ಬಟ್, ಪುಟ್ ಎರಡರಲ್ಲೂ ಮೊದಲು ಒಂದೇ 'ಉ' ಇತ್ತು, ಬಟ್‌ನಲ್ಲಿ ಅದು 'ಅ' ಕಡೆಗೆ ಜಾರಿತು. ಎಲ್ಲದಕ್ಕೂ ಇದೇ ಕಾರಣ ಅಲ್ಲ. ಸಾಲಕ್ಕೆ 'ಡೆಟ್' ಅಂತಾರಲ್ಲ, ಅದರ ಬಿ ಯಾರ ಬಾಯಿಂದಲೂ ಬಂದಿದ್ದಲ್ಲ. ಲ್ಯಾಟಿನ್ ಜೊತೆ ನೆಂಟಸ್ತನ ತೋರಿಸೋಕೆ ಓದಿದವರು ತುರುಕಿದ್ದು. 'ಐಲೆಂಡ್'ನ ಎಸ್ ಅಂತೂ ತಪ್ಪು ತಿಳಿದು ಸೇರಿಸಿದ್ದು.

ಬಿಟಿಎಂ ಲೇಔಟ್ ಹುಡುಗ:
ಸ್ಪೆಲ್ಲಿಂಗ್, ಸ್ಪೆಲ್ಲಿಂಗ್ ಅಂತ ಸಾಯ್ತೀರಲ್ಲ ಸರ್. ನಾನು ಹೈಸ್ಕೂಲಿನಲ್ಲಿ ಸ್ಪೆಲ್ಲಿಂಗ್‌ಗೆ ಫಸ್ಟ್. ಕಾಲ್ ಸೆಂಟರ್‌ನಲ್ಲಿ ಆರು ವಾರ ಟ್ರೈನಿಂಗ್ ಕೊಟ್ಟು ಕಡೆಗೆ ಉಚ್ಚಾರಣೆ ಟೆಸ್ಟ್ ಮಾಡಿದರು. ಎರಡು ಸಲ ಫೇಲ್. ಪಿಜಿ ಬಾಡಿಗೆ 6,500, ಸಂಬಳ ಶುರುವಾಗಿರಲಿಲ್ಲ, ಅಣ್ಣನ ಹತ್ರ 14,000 ಸಾಲ. ತಪ್ಪೆಲ್ಲಾ ಒತ್ತಿನದು, ಅಂದ್ರೆ ಪದದ ಯಾವ ಭಾಗ ಜೋರಾಗಿ ಹೇಳ್ಬೇಕು ಅನ್ನೋದು. 'ಡೆವಲಪ್' ಅನ್ನುವಾಗ ನಾವು 'ಡೆ' ಮೇಲೆ ಒತ್ತು ಹಾಕ್ತೀವಿ, ಇಂಗ್ಲಿಷ್‌ನವರದು 'ವೆ' ಮೇಲೆ. ಫೋಟೋಗ್ರಾಫ್‌ನಲ್ಲಿ ಒತ್ತು 'ಫೋ' ಮೇಲೆ, ಫೋಟೋಗ್ರಫಿ ಅಂದ ತಕ್ಷಣ ಎರಡನೇದಕ್ಕೆ ಹಾರುತ್ತೆ. ಅಕ್ಷರ ನೋಡಿದರೆ ಇದೆಲ್ಲ ತಿಳಿಯುತ್ತಾ? ಸ್ಪೆಲ್ಲಿಂಗ್ ಕಂಪ್ಯೂಟರೇ ತಿದ್ದುತ್ತೆ. ಮಗುವಿಗೆ ಜಾಸ್ತಿ ಕೇಳಿಸಿ, ಬರೆಸಬೇಡಿ.

ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ನರ್ಸ್, ಊರು ಕುಂದಾಪುರ:
ಕಂಪ್ಯೂಟರ್ ತಿದ್ದುತ್ತೆ ಅಂತ ಯಾರಿಗೂ ಹೇಳಬೇಡ ತಮ್ಮ. ಆ ಮಾತು ನಂಬಿ ನಾನು ಏಳು ತಿಂಗಳು ಕಳೆದುಕೊಂಡೆ. ಇಲ್ಲಿ ನರ್ಸ್ ಆಗೋಕೆ ನಾನು ಬರೆದ ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆಯ ಲಿಸನಿಂಗ್‌ನಲ್ಲಿ (ಕೇಳಿ ಉತ್ತರ ಬರೆಯೋ ಭಾಗ) 7 ಬೇಕು. ನನಗೆ 6.5 ಬಂತು. ಕೇಳಿಸಿದ್ದು ಎಲ್ಲಾ ಸರಿಯಾಗೇ ಕೇಳಿಸಿತ್ತು! ಆದರೆ ಅಲ್ಲಿ ಉತ್ತರದ ಸ್ಪೆಲ್ಲಿಂಗ್ ತಪ್ಪಾದರೆ ಮಾರ್ಕ್ ಇಲ್ಲ. ಹೊರಗೆ ಬಂದು ನೆನಪಿದ್ದ ಪದಗಳನ್ನ ಅಂಗೈ ಮೇಲೆ ಬರೆದು ನೋಡಿದೆ. 'ಅಕಾಮಡೇಷನ್'ಗೆ ಎರಡು ಸಿ ಹಾಕಿದ್ದೆ, ಎಮ್ ಒಂದೇ. 'ಫೆಬ್ರವರಿ'ಯ ಮೊದಲ ಆರ್ ಬಿಟ್ಟಿದ್ದೆ. ಪರೀಕ್ಷೆ ಫೀಸು ಆಗ ಹದಿನೈದೂವರೆ ಸಾವಿರ, ಬೆಂಗಳೂರಿಗೆ ಬಸ್ಸು, ಲಾಡ್ಜು, ಎಲ್ಲಾ ಇನ್ನೊಂದು ಸಲ. ಇಲ್ಲಿಗೆ ಹೊರಟಿದ್ದ ನರ್ಸುಗಳ ಆ ಬ್ಯಾಚ್ ನನ್ನ ಬಿಟ್ಟು ಹೋಗೇ ಹೋಯಿತು. ಅಪ್ಪನಿಗೆ ಏನಂತ ಹೇಳೋದು, ಒಂದು ಎಮ್ ಬಿಟ್ಟೆ ಅಂತಲಾ? ಎರಡನೇ ಸಲಕ್ಕೆ 400 ಪದ ಗೋಡೆಗೆ ಅಂಟಿಸಿ ಉರು ಹೊಡೆದೆ.

ಮೇಷ್ಟ್ರು ಹೇಳಿದ 'ಉ' ಇಲ್ಲಿ ಇನ್ನೂ ಜೀವಂತ ಇದೆ. ಬಸ್ಸಿಗೆ 'ಬುಸ್' ಅಂತಾರೆ. ಹತ್ರದ ಒಂದು ಊರಿನ ಹೆಸರು ಕೆ-ಇ-ಐ-ಜಿ-ಎಚ್-ಎಲ್-ಇ-ವೈ. ಬಂದ ಹೊಸದರಲ್ಲಿ 'ಕೈಲಿ' ಟಿಕೆಟ್ ಕೇಳಿದೆ, ಡ್ರೈವರಿಗೆ ಗೊತ್ತಾಗಲೇ ಇಲ್ಲ. ಅದು 'ಕೀತ್ಲಿ'.

ಬಿಟಿಎಂ ಲೇಔಟ್ ಹುಡುಗ:
ಅಕ್ಕ, ನಿಮ್ಮದು ಪರೀಕ್ಷೆ. ಮೂರನೇ ಕ್ಲಾಸಿನ ಮಗು ಲೀಡ್ಸ್‌ಗೆ ಹೋಗ್ತಿಲ್ಲ.

ಲೀಡ್ಸ್‌ನಲ್ಲಿರುವ ನರ್ಸ್:
ನಾನೂ ಮೂರನೇ ಕ್ಲಾಸಿನಲ್ಲಿದ್ದಾಗ ಎಲ್ಲೂ ಹೋಗುತ್ತಿರಲಿಲ್ಲ.

ಧಾರವಾಡದವ:
ಕನ್ನಡದೊಳಗ ಹೆಂಗ ಬರೀತೀವೋ ಹಂಗ ಓದ್ತೀವಿ. ಇಷ್ಟು ಚೆಂದ ಓದೋ ಹುಡುಗನ್ನ ತೆಗೆದು ಈ ಗೋಳಿಗೆ ಯಾಕ ಹಾಕಿದ್ರಿ? ಏಳನೇತ್ತಾದರೂ ಮುಗಿಸಬೇಕಿತ್ತು.

ಬಿಟಿಎಂ ಲೇಔಟ್ ಹುಡುಗ:
ಹಂಗೇ ಓದ್ತೀವಾ? 'ಋಷಿ' ಅಂತ ಬರೆದು 'ರುಶಿ' ಅಂತೀವಿ. 'ಜ್ಞಾನ' ಬರೆದು 'ಗ್ನಾನ' ಅಂತೀವಿ. 'ಧನ', 'ದನ' ಎರಡನ್ನೂ ನಮ್ಮೂರಲ್ಲಿ ಒಂದೇ ಥರ ಹೇಳೋದು. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಮಹಾಪ್ರಾಣ ಬೇಡ ಅಂದಿದ್ದು ಅದಕ್ಕೇ ಅಲ್ವಾ?

ಶಿರಸಿಯ ನಿವೃತ್ತ ಮೇಷ್ಟ್ರು:
ನಿಮ್ಮೂರಲ್ಲಿ ಹೇಳಲ್ಲ ಅಂತ ಅಕ್ಷರ ತೆಗೆಯೋಕಾಗುತ್ತಾ? 'ಧನ' ಬರಿ ಅಂದರೆ ಹಸು ಬರೆದ ಮಕ್ಕಳಿಗೆ ನಾನು ಮಾರ್ಕ್ ಕೊಟ್ಟವನಲ್ಲ.

ಬಿಟಿಎಂ ಲೇಔಟ್ ಹುಡುಗ:
ಬಾಯಲ್ಲಿ ಇಲ್ಲದ ಕೆ ಯಾಕೆ ಅಂತ ಕೇಳಿದರೆ ಇತಿಹಾಸ ಹೇಳ್ತೀರಿ. ಬಾಯಲ್ಲಿ ಇಲ್ಲದ 'ಧ' ಯಾಕೆ ಅಂತ ಕೇಳಿದರೆ ಸಿಟ್ಟು.

ಮೈಸೂರಿನ ಅಮ್ಮ:
ಇಬ್ಬರೂ ಮಹಾಪ್ರಾಣದ ಜಗಳ ಬೇರೆ ಕಡೆ ಇಟ್ಟುಕೊಳ್ಳಿ. ಮೇಷ್ಟ್ರೇ, ನಾನು ಬಾಯಿಪಾಠ ಮಾಡಿಸಿದ್ದು ಹತ್ತಿಪ್ಪತ್ತು ಪದ. ನೀವು ಮಾಡಿಸಿದ್ದು ಎಲ್ಲಾ ಪದ. ಎರಡೂ ಒಂದೇ ಅಂತ ದಯವಿಟ್ಟು ಹೇಳಬೇಡಿ. ನನ್ನ ಮಗಳ ಎರಡು ವರ್ಷದ ಕಷ್ಟ ಅದು.

ತಿಪಟೂರಿನ ಅಪ್ಪ:
ನಿನ್ನೆ ರಾತ್ರಿ ಊಟಕ್ಕೆ ಕೂತಾಗ 'ಕ್ನೀಫ್' ಕಥೆ ಹೇಳಿದೆ. ಬೆಳಿಗ್ಗೆ ಹಲ್ಲುಜ್ಜುತ್ತಾ ಬಂದು ಕೇಳಿದ, "ಬರೆಯೋದಕ್ಕೆ ರೈಟ್ ಅಂತಾರಲ್ಲ, ಅದರ ಡಬ್ಲ್ಯೂನೂ ಮೊದಲು ಹೇಳ್ತಿದ್ರಾ?" ಮೇಷ್ಟ್ರೇ, ಹೌದಾ? ಇನ್ನೊಂದು, ಕ್ಲಾಸಿನ ಫೀಸು ಕಟ್ಟೋಕೆ ಶನಿವಾರ ಕೊನೆ.

ಶಿರಸಿಯ ನಿವೃತ್ತ ಮೇಷ್ಟ್ರು:
ಹೌದು, ಹೇಳುತ್ತಿದ್ದರು. 'ಆನ್ಸರ್'ನ ಡಬ್ಲ್ಯೂ ಕೂಡ. ಅವನಿಗೆ ಹೇಳಿ, ಒಳ್ಳೇ ಪ್ರಶ್ನೆ ಕೇಳಿದ್ದಾನೆ ಅಂತ.

ಮೈಸೂರಿನ ಅಮ್ಮ:
ಫೀಸು ಕಟ್ಟುವ ಮೊದಲು ಒಂದು ಕ್ಲಾಸು ಹಿಂದಿನ ಬೆಂಚಿನಲ್ಲಿ ಕೂತು ನೋಡಿ ಸರ್. ಟೀಚರ್ 'ಬ್' ಅಂತ ಹೇಳಿಸ್ತಾರಾ, 'ಬ' ಅಂತ ಹೇಳಿಸ್ತಾರಾ, ಕಿವಿಗೊಟ್ಟು ಕೇಳಿ. 'ಬ' ಅಂದರೆ ಎದ್ದು ಬನ್ನಿ.